ನವಾಬನ ನೀರು

ರೋಶನ್ ಬೀಯ ಕೈಗಳು ನೀರಿನಲ್ಲೇ ಸವೆದಂಥವು. ರಾಮನಗರದ ಕಾರ್ಖಾನೆಯೊಂದರಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು, ತೇಲುವ ರೇಷ್ಮೆಗೂಡುಗಳಿಂದ ಎಳೆ ಹಿಡಿದು ಕೊಡುವುದು ಅವಳ ಕೆಲಸ. ಬೆರಳ ತುದಿಗಳು ಯಾವತ್ತೂ ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಹಬ್ಬಕ್ಕೆ ಮದರಂಗಿ ಹಚ್ಚಿದರೂ ಅಲ್ಲಿ ಮಾತ್ರ ಬಣ್ಣ ನಿಲ್ಲುವುದಿಲ್ಲ.

ಮನೆಯ ಕಿಟಕಿಯ ಬಳಿಯಿದ್ದ ಗಾಜಿನ ತೊಟ್ಟಿ ತಂಗಿ ಅಸ್ರಾಳದು. ಅದರೊಳಗಿನ ಆಮೆಯೂ ಅವಳದೇ. ಕಣ್ಣಿನ ಹಿಂದೆ ಕೆಂಪು ಪಟ್ಟೆ, ಅಂಗೈಗಿಂತ ತುಸು ಅಗಲದ ಚಿಪ್ಪು. ಕಲ್ಲಿನ ಮೇಲೆ ಕಾಲು ಚಾಚಿ ಬಿಸಿಲು ಕಾಯುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲದ್ದಕ್ಕೆ ಅಸ್ರಾ ಅದನ್ನು ನವಾಬ ಎಂದು ಕರೆದಳು. ಈ ಅಕ್ಕತಂಗಿಯರಿಗೆ ಮದುವೆಯಾಗಬೇಕು ಎಂಬುದನ್ನು ಕೇರಿಯೇ ಮರೆತುಬಿಟ್ಟಿತ್ತು. ಇಬ್ಬರೂ ಆ ಕಿಟಕಿಯ ಕೆಳಗೆ ಕೂತು ಉಣ್ಣುತ್ತಾ, ಜಗಳವಾಡುತ್ತಾ, ನಗುತ್ತಾ ಇದ್ದುಬಿಟ್ಟಿದ್ದರು. ಹಾಗಿರುವಾಗ ಅಸ್ರಾಳಿಗೆ ಮಾಗಡಿಯಿಂದ, ಹೆಂಡತಿ ತೀರಿಕೊಂಡಿದ್ದವನೊಬ್ಬನ ಸಂಬಂಧ ಬಂತು. ಒಳ್ಳೆಯವನು. ಬೇಡವೆನ್ನಲು ಕಾರಣವಿರಲಿಲ್ಲ. ಆದರೆ ಅತ್ತೆಯಾಗುವವಳಿಗೆ ಆಮೆ ಎಂದರೆ ಆಗದು.

“ಆಪಾ, ನವಾಬನ್ನ ನೋಡ್ಕೋ. ಹೊಟ್ಟೆಗೆ ಮಾತ್ರ ಕಮ್ಮಿ ಮಾಡ್ಬೇಡ,” ಎಂದು ಅಕ್ಕನಿಗೆ ಹೇಳಿ, ಮದುವೆಯಾಗಿ ಅಸ್ರಾ ಮಾಗಡಿಗೆ ಹೊರಟಳು.

ರೋಶನ್ ಬೀ ಕಮ್ಮಿ ಮಾಡಲಿಲ್ಲ. ನೂಲು ಬಿಚ್ಚಿಯಾದ ಮೇಲೆ ಗೂಡಿನೊಳಗೆ ಉಳಿಯುವ ಬೆಂದ ಹುಳಕ್ಕೆ ಕಾರ್ಖಾನೆಯಲ್ಲಿ ಬರವೇ? ದಿನವೂ ಒಂದು ಹಿಡಿ ಕವರಿಗೆ ಕಟ್ಟಿಕೊಂಡು ಬರುವಳು. ಬೀಗ ತೆಗೆದ ಸದ್ದಿಗೇ ನವಾಬ ಗಾಜಿಗೆ ಬಂದು ನಾಲ್ಕೂ ಕಾಲು ಬಡಿಯುವನು. ಬಂದಳೆಂದು ಗುರುತಿಸುವ ಜೀವ ಆ ಮನೆಯಲ್ಲಿ ಅದೊಂದೇ. ಬುರ್ಖಾ ತೆಗೆಯುವ ಮೊದಲೇ ಒಂದು ಹುಳ ಹಾಕುವಳು. ಚಹಾ ಇಳಿಸಿಕೊಂಡು ಬಂದು ಇನ್ನೊಂದು. ಉಣ್ಣಲು ಕೂತಾಗ, ಒಬ್ಬಳೇ ಹೇಗೆ ಉಣ್ಣುವುದೆಂದು ಮತ್ತಷ್ಟು.

ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿತು. ಕಲ್ಲಿಗೆ ಹಸಿರು ತುಪ್ಪಳ ಬಂತು. ತೆಂಗಿನ ನಾರು ಹಿಡಿದು ಗಾಜು ತಿಕ್ಕಿದಳು, ನೀರೆಲ್ಲ ಚೆಲ್ಲಿ ಹೊಸದು ತುಂಬಿದಳು. ನಾಲ್ಕು ದಿನ ಕಳೆಯುವುದರಲ್ಲಿ ಗಾಜಿಗೆ ಮತ್ತೆ ಅದೇ ಹಸಿರು ಪರದೆ.

ಒಂದು ಸಂಜೆ ಬೀಗ ತೆಗೆದಾಗ ಯಾರೂ ಗಾಜಿಗೆ ಬರಲಿಲ್ಲ. ಪಾಚಿಯ ನೀರಲ್ಲಿ ಕೈಯಾಡಿಸಿ ನವಾಬನನ್ನು ಮೇಲೆತ್ತಿದಳು. ಎರಡೂ ರೆಪ್ಪೆಗಳು ಊದಿ ಮುಚ್ಚಿಕೊಂಡಿದ್ದವು. ಅವಳ ದನಿ ಬಂದತ್ತ ಕತ್ತು ಚಾಚಿದ, ಕಣ್ಣು ಮಾತ್ರ ತೆರೆಯಲಿಲ್ಲ.

ಮರುದಿನ ಕೆಲಸಕ್ಕೆ ಹೋಗದೆ, ಬಕೆಟ್ಟಿನಲ್ಲಿ ಅವನನ್ನು ಹೊತ್ತು ಅಕ್ವೇರಿಯಂ ಅಂಗಡಿಯ ನಟರಾಜುವಿನ ಮುಂದೆ ನಿಂತಳು.

“ಏನಕ್ಕಾ, ದಿನಾ ಮದ್ವೆ ಮನೆ ಊಟನಾ ಇವುಂಗೆ? ಚರ್ಮ ಚಿಪ್ಪಿಂದ ಆಚ್ಗೆ ಬಂದೈತಲ್ಲ!”

“ಹುಳ ಅಣ್ಣಾ. ನಮ್ ಬೇಸಿನ್ದು. ದಿನಾ ಹೊಸಾದೇ ತತ್ತೀನಿ.”

“ದಿನಕ್ಕೆಷ್ಟು?”

“ಅದು ಕೇಳ್ದಾಗೆಲ್ಲ.”

“ಆಮೆ ಯಾವತ್ತಕ್ಕಾ ಸಾಕು ಅಂದಿರಾದು?” ನಟರಾಜು ನಕ್ಕ. “ತೊಟ್ಟಿ ಎಲ್ಲಿಟ್ಟಿದ್ದೀರಿ?”

“ಕಿಟಕಿ ಹತ್ರ. ಒಳ್ಳೆ ಬಿಸ್ಲು ಬತ್ತದೆ.”

“ಹುಳದ ಎಣ್ಣೆ, ಅದ್ರ ಕಕ್ಕ, ಮ್ಯಾಲೆ ಬಿಸ್ಲು. ನೀವು ಆಮೆ ಸಾಕ್ತಿಲ್ಲ ಕಣಕ್ಕಾ, ಪಾಚಿ ಸಾಕ್ತಿದ್ದೀರಿ.”

ನಗು ನಿಲ್ಲಿಸಿ ಬಿಡಿಸಿ ಹೇಳಿದ. ತೊಟ್ಟಿ ನೆರಳಿಗೆ ಹೋಗಬೇಕು. ಬಿಸಿಲು ಬೇಕಾದಾಗ ಆಮೆಯನ್ನೇ ಟಬ್ಬಿನಲ್ಲಿಟ್ಟು ಒಸಿ ಹೊತ್ತು ಹೊರಗೆ ತರಬೇಕು, ಅಲ್ಲೂ ಅರ್ಧ ನೆರಳಿರಬೇಕು. ದಿನ ಬಿಟ್ಟು ದಿನ ಊಟ, ಅದೂ ಬೇರೆ ಬೋಗುಣಿಯಲ್ಲಿ. ಹುಳ ಅಪರೂಪಕ್ಕೆ, ಸೊಪ್ಪು ಹೆಚ್ಚು. ನೀರು ಪೂರ್ತಿ ಚೆಲ್ಲದೆ ಆಗಾಗ ಒಂದು ಪಾಲು ಬದಲಿಸಬೇಕು. ಸೋಪು ಸೋಕಿಸಲೇಬಾರದು. ಕಣ್ಣನ್ನು ಇವತ್ತೇ ಪಶು ಡಾಕ್ಟರಿಗೆ ತೋರಿಸಬೇಕು.

“ಬದುಕ್ತಾನಾ ಅಣ್ಣಾ?”

“ನಿಮ್ ಕೈ ತಡೆದ್ರೆ ಬದುಕ್ತಾನೆ.”

ಡಾಕ್ಟರು ಕೊಟ್ಟ ಹನಿ ಹಾಕಿದಳು. ಪಕ್ಕದ ಮನೆಯವರನ್ನು ಕರೆದು ತೊಟ್ಟಿಯನ್ನು ಒಳಗೋಡೆಗೆ ಸರಿಸಿದಳು. ಕಿಟಕಿಯ ಕೆಳಗೆ ಅದರ ಅಳತೆಯ ಜಾಗವೊಂದು ಬರಿದಾಗಿ ಉಳಿಯಿತು. ಅಲ್ಲಿ ಚಾಪೆ ಹಾಸಲು ಅವಳಿಗೆ ಮನಸ್ಸಾಗಲಿಲ್ಲ.

ನೀರು ನಿಧಾನವಾಗಿ ತಿಳಿಯಾಯಿತು. ರೆಪ್ಪೆಗಳ ಊತ ಇಳಿದು ಕಣ್ಣು ತೆರೆದವು. ಒಂದು ಸಂಜೆ ಬೀಗದ ಸದ್ದಿಗೆ ನವಾಬ ಮತ್ತೆ ಗಾಜಿಗೆ ಬಂದ. ಆದರೆ ಅದು ಊಟವಿಲ್ಲದ ದಿನ. ಅವನು ಕಾಲು ಬಡಿದ. ರೋಶನ್ ಬೀ ಬಾಗಿಲಲ್ಲೇ ನಿಂತಳು, ಕೈಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಂಥ ದಿನಗಳಲ್ಲಿ ತೊಟ್ಟಿಗೆ ಬೆನ್ನು ಹಾಕಿ ಉಣ್ಣುವುದನ್ನು ಕಲಿತಳು. ಆದರೂ ಉಗುರು ಗಾಜಿಗೆ ಕೆರೆಯುವ ಸದ್ದು ಬೆನ್ನಿಗೇ ತಾಕುತ್ತಿತ್ತು.

ಫೋನಿನಲ್ಲಿ ಅಸ್ರಾ ಕೇಳಿದಳು. “ನವಾಬ ತಿಂದ್ನಾ ಆಪಾ?”

“ಇವತ್ತಿಲ್ಲ. ನಾಳೆ.”

“ನೀನು?”

“ಈಗ.”

ಫೋನಿಟ್ಟು, ತಟ್ಟೆ ತಿರುಗಿಸಿ ತೊಟ್ಟಿಗೆ ಎದುರಾಗಿ ಕೂತಳು. ಅವನು ಬೇಡಿದ, ಇನ್ನೂ ಬೇಡಿದ, ಕೊನೆಗೆ ಬೇಸತ್ತು ಕಲ್ಲು ಹತ್ತಿ ಕುಳಿತ. ಅಲ್ಲಿಂದ ಅವಳನ್ನೇ ನೋಡಿದ. ಅವಳ ಕೈಯ ತುತ್ತು ಒಮ್ಮೆ ಗಾಜಿನತ್ತ ಹೋಯಿತು. ಅರ್ಧದಲ್ಲೇ ತಡೆದು, ಹಿಂದಕ್ಕೆ ತಂದು, ತನ್ನ ಬಾಯಿಗಿಟ್ಟುಕೊಂಡಳು.