ಸೀತಾಲಕ್ಷ್ಮಿಯವರು ವಿಚಾರಿಸಿದ ಹುಡುಗ

ಜಯನಗರದ ನಾಲ್ಕನೇ ಟಿ ಬ್ಲಾಕಿನ ಆ ಬೀದಿಯಲ್ಲಿ ಯಾರ ಮನೆಗೆ ಗಂಡಿನ ಜಾತಕ ಬಂದರೂ ಜೋಯಿಸರಿಗಿಂತ ಮೊದಲು ಸೀತಾಲಕ್ಷ್ಮಿಯವರಿಗೆ ತೋರಿಸುತ್ತಿದ್ದರು. ಗ್ರಹಗತಿ ಅವರಿಗೆ ತಿಳಿಯದು. ಹುಡುಗ ಎಂಥವನು ಎಂದು ವಿಚಾರಿಸಿಕೊಂಡು ಬರುವುದು ಅವರ ವಿದ್ಯೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಯಾರು ಯಾವ ದನಿಯಲ್ಲಿ ಸುಳ್ಳು ಹೇಳುತ್ತಾರೆ ಎಂಬುದು ಆ ಕೆಲಸ ಅವರ ಕಿವಿಗೆ ಸಂಬಳ ಸಹಿತ ಕಲಿಸಿಕೊಟ್ಟ ಪಾಠ.

ಹುಡುಗನ ಬೀದಿಗೆ ಹೋಗಿ ಹುಡುಗನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ ಈ ತಾಯಿ. ಇಸ್ತ್ರಿ ಅಂಗಡಿಯ ಮುಂದೆ ನಿಂತು, "ಈ ರೋಡಲ್ಲಿ ಬಾಡಿಗೆಗೆ ಮನೆ ಸಿಗುತ್ತೇನಪ್ಪ?" ಎನ್ನುವರು. ಇಸ್ತ್ರಿಯವನು ಬಾಯಿ ಬಿಟ್ಟರೆ ಸಾಕು, ಯಾವ ಮನೆಯಲ್ಲಿ ಜಗಳ, ಯಾವ ಹುಡುಗ ಅಮ್ಮನ ಮೇಲೆ ರೇಗುತ್ತಾನೆ, ಎಲ್ಲ ತಾನಾಗಿ ಸುರಿಯುತ್ತಿತ್ತು.

ವರದಿ ಒಪ್ಪಿಸುವುದಕ್ಕೂ ಅವರದೇ ಒಂದು ಕ್ರಮ. ಹುಡುಗ ಒಳ್ಳೆಯವನಾದರೆ ಅವತ್ತೇ ದೀಪ ಹಚ್ಚುವ ಹೊತ್ತಿಗೆ ಹೆಣ್ಣಿನ ಮನೆಗೆ ಫೋನ್ ಮಾಡುತ್ತಿದ್ದರು. ಅಲ್ಲವಾದರೆ ಫೋನ್ ಬರುತ್ತಿರಲಿಲ್ಲ. ಒಬ್ಬರ ಮಗನನ್ನು ಬಾಯಿಬಿಟ್ಟು ಬೇಡ ಎನ್ನುವುದು ಪಾಪ ಎಂದು ಅವರ ನಂಬಿಕೆ. ಫೋನ್ ಬಾರದ ಮನೆಯವರು ಅರ್ಥಮಾಡಿಕೊಂಡು ಜಾತಕ ವಾಪಸು ಕಳಿಸುತ್ತಿದ್ದರು. ಆಮೇಲೆ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಈಗ ಕಾಲ ಬದಲಾಗಿ, ಹುಡುಗ ಹುಡುಗಿಯರು ಮೊಬೈಲಿನಲ್ಲೇ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಸೀತಾಲಕ್ಷ್ಮಿಯವರಿಗೆ ಕೈ ಕಟ್ಟಿದಂತಾಗಿತ್ತು. ಆಗ ಬಂದವನು ತಂಗಿಯ ಮಗ ವಸಿಷ್ಠ. ಜೆ.ಪಿ. ನಗರದಲ್ಲಿ ಅವನ ಆಫೀಸು. ಹೊಸ ಕಂಪನಿ ತೆಗೆದವರಿಗೆ ಬಂಡವಾಳ ಹಾಕುವ ಕೆಲಸ. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಕುರುಚಲು ಗಡ್ಡ, ಅಗಲ ಹಣೆ, ನಗುವುದೋ ಬೇಡವೋ ಎಂದು ಯೋಚಿಸುತ್ತಿರುವ ಮುಖ.

"ಸಿದ್ದಾರೂಢ ಅಂತ ದೊಡ್ಡಮ್ಮ. ಹುಬ್ಳಿ ಕಡೆಯವನು, ಬಿಟಿಎಮ್ಮಲ್ಲಿ ರೂಮ್ ಮಾಡ್ಕೊಂಡಿದಾನೆ. 'ಸಂಗಡ' ಅಂತ ಸ್ಟಾರ್ಟಪ್ಪು. ವಯಸ್ಸಾದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ, ವಾಪಸ್ ಮನೆಗೆ ಬಿಡೋದು. ಮೊದಲ್ನೇ ದಿನ ಯಾರು ಬರ್ತಾರೋ ಕೊನೇ ತನಕ ಅವರೇ ಬರ್ತಾರೆ ಅಂತ ಪ್ರಾಮಿಸ್ಸು. ಮುಂದಿನ ದೀಪಾವಳಿಗೆ ಊರೆಲ್ಲಾ ನಮ್ದೇ ಅಂತಾನೆ. ನಂಬೋದಾ ಬೇಡ್ವಾ?"

"ಅದಕ್ಕೆ ನಾನೇನೋ ಮಾಡ್ಲಿ?"

"ಗಂಡು ವಿಚಾರಿಸ್ತಿದ್ಯಲ್ಲ, ಹಾಗೇ ವಿಚಾರಿಸು. ಲೆಕ್ಕಪತ್ರ ನಾವು ನೋಡ್ತೀವಿ. ಮನುಷ್ಯನ್ನ ನೀನು ನೋಡು. ನೀನು ಹೂಂ ಅಂದ್ರೆ ದುಡ್ಡು ಹಾಕ್ತೀವಿ. ಇಲ್ದಿದ್ರೆ ಅವನು ಅಂಗಡಿ ಮುಚ್ಚಬೇಕು, ಬೇರೆ ಯಾರೂ ಹಾಕೋರಿಲ್ಲ."

ಸೀತಾಲಕ್ಷ್ಮಿಯವರ ಮೈಯಲ್ಲಿ ಹಳೆಯ ಹುರುಪು ತುಂಬಿಕೊಂಡಿತು. ನೆಪವೂ ಸಿದ್ಧವಾಗಿಯೇ ಇತ್ತು. ಎರಡು ಕಣ್ಣಿಗೂ ಪೊರೆ ಬಂದು ವರ್ಷವಾಗಿತ್ತು. ಪದ್ಮನಾಭನಗರದ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ಪತಿ ಜಯಸಿಂಹರು ಫಿನಾಯಿಲ್ ವಾಸನೆಗೇ ತಲೆ ಸುತ್ತಿ ಕೂರುವವರು. ಹೋದ ಸಲ ಹೆಂಡತಿಗಿಂತ ಮೊದಲು ಅವರನ್ನೇ ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ಸೀತಾಲಕ್ಷ್ಮಿಯವರು 'ಸಂಗಡ'ಕ್ಕೆ ತಾವೇ ಹೆಸರು ಬರೆಸಿದರು.

ಹೇಳಿದ ಹೊತ್ತಿಗೆ ಕಾಲಿಂಗ್ ಬೆಲ್ ಆಯಿತು. ಬಾಗಿಲು ತೆರೆದರೆ ಫೋಟೋದ ಮುಖವೇ ನಿಂತಿದೆ!

"ನಮಸ್ಕಾರ್ರೀ ಅಮ್ಮಾರ. ಸಂಗಡದಿಂದ ಬಂದೀನ್ರಿ. ಆಟೋ ನಿಂತದ, ನೀವು ಸಾವಕಾಶ ಬರ್ರಿ."

ಯಜಮಾನ ನಾನೇ ಎಂದು ಅವನು ಹೇಳಲಿಲ್ಲ. ಇವರೂ ಕೇಳಲಿಲ್ಲ. ಆದರೆ ಮನಸ್ಸಿನಲ್ಲಿ ಒಂದು ಕೆಂಪು ಗೆರೆ ಎಳೆದುಕೊಂಡರು. ತರಬೇತಿ ಪಡೆದ ಜೊತೆಗಾರರ ದೊಡ್ಡ ಪಡೆಯೇ ಇದೆ ಎಂದು ಕಂಪನಿಯ ಜಾಹೀರಾತಿನಲ್ಲಿತ್ತಲ್ಲ, ಎಲ್ಲಿ ಹೋಯಿತು ಆ ಪಡೆ? ಹುಡುಗ ಮ್ಯಾನೇಜರ್ ಎಂದು ಹೇಳಿಸಿಕೊಂಡು ಬಂದು ಗುಮಾಸ್ತನಾಗಿದ್ದರೆ ಸೀತಾಲಕ್ಷ್ಮಿಯವರು ಆ ಮನೆಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಇವನು ಗುಮಾಸ್ತನೆಂದು ಬಂದ ಮ್ಯಾನೇಜರು! ಇದನ್ನು ಯಾವ ಲೆಕ್ಕಕ್ಕೆ ಹಿಡಿಯುವುದು?

ಆಸ್ಪತ್ರೆಯಲ್ಲಿ ಅವನು ಸುಮ್ಮಸುಮ್ಮನೆ ಮಾತಾಡಲಿಲ್ಲ. ಮೆಟ್ಟಿಲು ಬಂದಾಗ ಮೊಣಕೈ ಚಾಚಿದ, ಹಿಡಿಯಲೇಬೇಕೆಂದು ಒತ್ತಾಯಿಸಲಿಲ್ಲ. ಒಳಗೆ ಹೋಗುವಾಗ ಅವರು ಬಿಟ್ಟ ಚಪ್ಪಲಿಯನ್ನು ಹೊರಬರುವಷ್ಟರಲ್ಲಿ ಇನ್ನೊಂದು ಬಾಗಿಲಿನ ಮುಂದೆ ತಂದಿಟ್ಟಿದ್ದ. ಎಷ್ಟೋ ಅಳಿಯಂದಿರನ್ನು ನೋಡಿದ್ದರು ಅವರು, ಚಪ್ಪಲಿಯ ಮೇಲೆ ಇಷ್ಟು ಗಮನ ಇಟ್ಟವನನ್ನು ಕಂಡಿರಲಿಲ್ಲ.

ಮೊದಲ ಕಣ್ಣಿನ ಆಪರೇಷನ್ನಿಗೂ ಅವನೇ ಬಂದ. ಎಡಗಣ್ಣು ನಿಚ್ಚಳವಾದ ಮೇಲೆ ಸೀತಾಲಕ್ಷ್ಮಿಯವರು ಬಸ್ಸು ಹತ್ತಿ ಬಿಟಿಎಮ್ ಪಕ್ಕದ ಸುದ್ದಗುಂಟೆಪಾಳ್ಯಕ್ಕೆ ಹೋದರು. ಅಲ್ಲಿ ರೇಣುಕವ್ವನ ಖಾನಾವಳಿಯಲ್ಲಿ ಅವನ ಊಟ ಎಂದು ಆಟೋದಲ್ಲಿ ಮಾತಿನ ನಡುವೆ ತಿಳಿದುಕೊಂಡಿದ್ದರು. ಒಂದಿಷ್ಟು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಳ್ಳುತ್ತ, "ಈ ಕಡೆ ಬಾಡಿಗೆಗೆ ಮನೆ ಸಿಗುತ್ತೇನಮ್ಮ? ನಮ್ಮನೇಗೆ ಬರೋ ಸಿದ್ದಾರೂಢ ಇಲ್ಲೇ ಎಲ್ಲೋ ಇರೋದಂತೆ" ಎಂದರು.

ರೇಣುಕವ್ವನಿಗೆ ಅಷ್ಟು ಸಾಕಾಯಿತು. "ಸಿದ್ದೂ ಏನ್ರೀ? ಅವನ ಹುಡುಗ್ರೆಲ್ಲಾ ಬಿಟ್ಟ ಹೋದ್ರರಿ. ಒಬ್ಬ ಹುಡುಗ ಬಿಟ್ಟಂದ್ರ ಅವನ ಪಾಲಿನ ಮುದುಕರ್ನ ಈ ಪುಣ್ಯಾತ್ಮ ತಾನ ನೋಡ್ಕೋತಾನ್ರಿ. ಮುಂಜಾನೆ ಬನಶಂಕರಿ, ಮಧ್ಯಾಹ್ನ ಪದ್ಮನಾಭನಗರ. ಹೊತ್ತು ಇಳಿದ ಮ್ಯಾಲ ಬಂದು ತಣ್ಣಂದು ಉಣ್ತಾನ."

"ಮಾತಿಗೆ ತಪ್ಪೋದಿಲ್ಲ ಅನ್ನು."

ರೇಣುಕವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನಕ್ಕಳು. "ನನಗ ಮಾತು ಕೊಟ್ಟು ವರ್ಷಾತ್ರಿ, ನಿನ್ನ ರೊಟ್ಟಿ ಎಲ್ಲಾ ಮುದುಕರ ಮನಿಗೂ ಕಳಸ್ತೀನಿ ಅಂತ. ಒಂದು ಮನಿಗೂ ಹೋಗಿಲ್ಲ. ಸುಳ್ಳ ಹೇಳೋ ಮನಷ್ಯಾ ಅಲ್ರಿ ಅಂವ. ಅಂವ ಹೇಳಿದ್ದು ಆಗೂದಿಲ್ಲ, ಅಷ್ಟ."

ಬಸ್ಸಿನಲ್ಲಿ ಬಿಸಿ ರೊಟ್ಟಿಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಸೀತಾಲಕ್ಷ್ಮಿಯವರು ಯೋಚಿಸಿದರು, ಯೋಚಿಸಿದಷ್ಟೂ ತಲೆ ಗೋಜಲಾಯಿತು. ಮುದುಕರಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ. ಅದನ್ನು ಉಳಿಸಿಕೊಳ್ಳಲು ತಾನೇ ಓಡಾಡುತ್ತಿರುವುದರಿಂದ ರೇಣುಕವ್ವನಿಗೆ ಕೊಟ್ಟ ಮಾತು ಬಿದ್ದುಹೋಗಿದೆ. ಊರೆಲ್ಲ ನಮ್ಮದೇ ಎಂದು ವಸಿಷ್ಠನಿಗೆ ಹೇಳಿದ್ದು ಈ ಜನ್ಮದಲ್ಲಿ ಆಗುವಂತೆ ಕಾಣುವುದಿಲ್ಲ. ಅಳಿಯ ಮಾಡಿಕೊಳ್ಳಿ ಎಂದಿದ್ದರೆ ಬಸ್ಸು ಇಳಿಯುವ ಮೊದಲೇ ಫೋನ್ ಮಾಡುತ್ತಿದ್ದರು. ಆದರೆ ಕೇಳಿದ್ದು ಅದಲ್ಲ. ದುಡ್ಡು ಹಾಕಿಸಿ ಮುಳುಗಿದರೆ ತಂಗಿಯ ಮಗನ ಕೆಲಸಕ್ಕೆ ಕುತ್ತು. ಬೇಡವೆಂದರೆ ಈ ಹುಡುಗನ ಅನ್ನಕ್ಕೆ ಕಲ್ಲು.

"ಏನೇ, ಹೂಂ ಅನ್ನೋದಾ, ಇಲ್ವಾ?" ಎಂದರು ಜಯಸಿಂಹರು ರಾತ್ರಿ ರೊಟ್ಟಿ ಮುರಿಯುತ್ತ.

"ಸ್ವಲ್ಪ ಸುಮ್ನಿರ್ತೀರಾ? ನನಗೇ ತಿಳೀತಿಲ್ಲ!"

ಇವತ್ತು ನಾಳೆ ಎನ್ನುತ್ತ ದಿನ ತಳ್ಳಿದರು. ಫೋನ್ ಕೈಗೆತ್ತಿಕೊಳ್ಳುವರು, ಏನು ಹೇಳಬೇಕೆಂದು ತೋಚದೆ ಕೆಳಗಿಡುವರು. ಹೀಗಿರುವಾಗ ಒಂದು ಭಾನುವಾರ ವಸಿಷ್ಠನೇ ಮೈಸೂರುಪಾಕಿನ ಡಬ್ಬ ಹಿಡಿದು ಬಂದ.

"ಥ್ಯಾಂಕ್ಸ್ ದೊಡ್ಡಮ್ಮ. ಆ 'ಸಂಗಡ' ಕೈಬಿಟ್ವಿ."

"ನಾನೇನೂ ಹೇಳ್ಲೇ ಇಲ್ವಲ್ಲೋ!"

"ಅದೇ ಮತ್ತೆ. ನೀನು ಸುಮ್ನಿದ್ರೆ ಬೇಡ ಅಂತ ಅರ್ಥ ಅಂತ ಅಮ್ಮ ಹೇಳಿದ್ಲು. ನಮ್ಮನೇಲಿ ಯಾರಿಗೆ ಗೊತ್ತಿಲ್ಲ?"

ಅಲ್ಲ ಕಣೋ, ಈ ಸಲ ನಿಜವಾಗಿಯೂ ಗೊತ್ತಾಗದೆ ಸುಮ್ಮನಿದ್ದೆ ಎನ್ನಬೇಕೆಂದಿದ್ದರು ಸೀತಾಲಕ್ಷ್ಮಿಯವರು. ಆದರೆ ಹಾಗಂದರೆ ಹೂಂ ಎಂದ ಹಾಗೇ ಆಗುವುದಿಲ್ಲವೇ? ಹೂಂ ಎನ್ನುವ ಧೈರ್ಯ ಇನ್ನೂ ಬಂದಿರಲಿಲ್ಲ. ಮೈಸೂರುಪಾಕಿನ ಡಬ್ಬವನ್ನು ಮುಚ್ಚಳ ತೆಗೆಯದೆಯೇ ಒಳಗಿಟ್ಟರು. ತಮ್ಮ ಮೇಲೆ ತಮಗೇ ಕೋಪ ಬಂತು, ಅದನ್ನು ಜಯಸಿಂಹರ ಮೇಲೆ ತೀರಿಸಿಕೊಂಡರು.

ಕೆಲವು ದಿನಗಳಲ್ಲಿ ಅವರ ಮೊಬೈಲಿಗೆ ಮೆಸೇಜು ಬಂತು. ಜಯಸಿಂಹರು ಗಟ್ಟಿಯಾಗಿ ಓದಿದರು. ಸಂಗಡ ತನ್ನ ಸೇವೆ ನಿಲ್ಲಿಸಿದೆ, ಇಷ್ಟು ದಿನ ನಂಬಿದ್ದಕ್ಕೆ ಕೃತಜ್ಞತೆ. ಬಲಗಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿಬಿಟ್ಟಿತ್ತು. ಒಬ್ಬರೇ ಹೋಗುವುದೆಂದು ತೀರ್ಮಾನಿಸಿ, ಆವತ್ತು ಬೆಳಿಗ್ಗೆ ಸೀರೆ ಉಟ್ಟು, ಫೈಲು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಾಗ ಕಾಲಿಂಗ್ ಬೆಲ್ ಆಯಿತು.

"ಆಟೋ ನಿಂತದ್ರಿ ಅಮ್ಮಾರ."

"ಕಂಪನಿ ಮುಚ್ಚಿತಲ್ಲಪ್ಪ?"

"ಹೌದ್ರಿ. ಆದ್ರ ನಿಮ್ಮ ಎರಡನೇ ಕಣ್ಣು ಇನ್ನೂ ಆಗಿಲ್ಲಲ್ರೀ."

ಆಟೋದಲ್ಲಿ ದಾರಿಯುದ್ದಕ್ಕೂ ಸೀತಾಲಕ್ಷ್ಮಿಯವರಿಗೆ ಒಂದೇ ಯೋಚನೆ. ಎಲ್ಲ ಹೇಳಿಬಿಡಲೇ? ಹೇಳಿ ಏನು ಉಪಯೋಗ? ಹೇಳದಿದ್ದರೆ ಈ ಮೊಣಕೈ ಹಿಡಿದು ಮೆಟ್ಟಿಲು ಹತ್ತುವುದಾದರೂ ಹೇಗೆ? ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ನರ್ಸು ಬಲಗಣ್ಣಿಗೆ ಡ್ರಾಪ್ಸ್ ಹಾಕಿ ಹೋದಳು. ಸೀತಾಲಕ್ಷ್ಮಿಯವರಿಗೆ ಇನ್ನು ತಡೆಯಲಾಗಲಿಲ್ಲ. ಬ್ಯಾಗಿನಿಂದ ಮೊಬೈಲ್ ತೆಗೆದರು. ಎಡಗಣ್ಣಿಗೆ ದೂರದ ಬೋರ್ಡು ಕಾಣುತ್ತಿತ್ತು, ಹತ್ತಿರದ ಅಕ್ಷರಕ್ಕೆ ಬೇಕಾದ ಕನ್ನಡಕ ಇನ್ನೂ ಬಂದಿರಲಿಲ್ಲ. ಪರದೆಯೆಲ್ಲ ಮಂಜು. ಹಿಂದುಮುಂದು ಯೋಚಿಸದೆ ಪಕ್ಕಕ್ಕೆ ಚಾಚಿದರು.

"ವಸಿಷ್ಠ ಅಂತ ಇದೆ ನೋಡಪ್ಪ. ಸ್ವಲ್ಪ ಫೋನ್ ಮಾಡಿಕೊಡು."

ಸಿದ್ದಾರೂಢ ಮೊಬೈಲ್ ತೆಗೆದುಕೊಂಡ. ಹೆಸರು ಹುಡುಕಿದ. ಹೆಸರಿನ ಜೊತೆ ಫೋಟೋ ಇರುತ್ತದೆ ಎಂಬುದು ಸೀತಾಲಕ್ಷ್ಮಿಯವರಿಗೆ ಆಗ ಹೊಳೆಯಿತು. ಅವನ ಬೆರಳು ಅಲ್ಲೇ ನಿಂತಿತ್ತು.

"ಇವರು ನಿಮಗೇನಾಗಬೇಕ್ರಿ ಅಮ್ಮಾರ?"

"ತಂಗಿ ಮಗ."

"ಹೌದ್ರಿ?" ಎಂದ, ಅಷ್ಟೇ. ಆಮೇಲೆ ನಂಬರು ಒತ್ತಿ, ರಿಂಗ್ ಆಗುವುದನ್ನು ತಾನೇ ಕೇಳಿ ಖಾತ್ರಿ ಮಾಡಿಕೊಂಡು, ಮೊಬೈಲನ್ನು ಅವರ ಕೈಯಲ್ಲಿಟ್ಟ. ಮಾತು ಕಿವಿಗೆ ಬೀಳದಿರಲೆಂದು ಎದ್ದುಹೋಗಿ ಆಪರೇಷನ್ ಕೋಣೆಯ ಬಾಗಿಲ ಬಳಿ ನಿಂತ. ಹೋಗುವಾಗ ಅವರ ಫೈಲನ್ನೂ ಬೆಂಚಿನ ಕೆಳಗಿದ್ದ ಚಪ್ಪಲಿಯನ್ನೂ ಎತ್ತಿಕೊಂಡಿದ್ದ.

"ಹೇಳು ದೊಡ್ಡಮ್ಮ, ಮೀಟಿಂಗಲ್ಲಿದೀನಿ, ಬೇಗ."

"ಹುಡುಗ ಬಂದಿದಾನೆ ಕಣೋ."

"ಯಾವ ಹುಡುಗ?"

ಸೀತಾಲಕ್ಷ್ಮಿಯವರು ಎಡಗಣ್ಣಿನಿಂದ ದೂರಕ್ಕೆ ನೋಡಿದರು. ಫೈಲು ಕಂಕುಳಲ್ಲಿ, ಚಪ್ಪಲಿ ಕೈಯಲ್ಲಿ, ಅವನು ಸ್ಪಷ್ಟವಾಗಿ ಕಾಣುತ್ತಿದ್ದ.