ಕಾಂಗಾ ಬಟ್ಟೆಯ ಮೇಲೊಂದು ಸಮೀಕರಣ

ಟಾಂಗಾ ಎಂಬ ಬಂದರೂರಿನ ಮಸೀದಿಯಲ್ಲಿ ಬೆಳಗಿನ ಬಾಂಗ್ ಮುಗಿಯುವ ಹೊತ್ತಿಗೆ ಬಟ್ಟೆಗೆ ಅಚ್ಚು ಹಾಕುವ ಮಕಾಮೆ ಫಕಿ ಅವರು ಬಣ್ಣ ಕಲಸಿ ಮುಗಿಸಿದ್ದಾರೆ. ಅವರ ಕೆಲಸ ನೋಡಲು ಬಂದ ನಾನು ಪಕ್ಕದಲ್ಲಿ ನಿಂತಿದ್ದೇನೆ. ಅಂಗಳದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದಾರೆ. ಬಲೆ ಬಿಗಿದ ಚೌಕಟ್ಟನ್ನು ಅದರ ಮೇಲಿಟ್ಟು ರಬ್ಬರ್ ಪಟ್ಟಿಯಿಂದ ಕೆಂಪು ಬಣ್ಣ ಎಳೆಯುತ್ತಾರೆ. ಎತ್ತಿದರೆ ಗೋಡಂಬಿ ಹಣ್ಣಿನ ಅಂಚು, ಕೆಳಗೊಂದು ಸಾಲು ಬರಹ. ಮೈಗೆ ಸುತ್ತಿಕೊಳ್ಳುವ ಈ ಕಾಂಗಾ ಬಟ್ಟೆಯನ್ನು ಬರಹವಿಲ್ಲದೆ ಈ ಊರಲ್ಲಿ ಯಾವ ಹೆಂಗಸೂ ಉಡುವುದಿಲ್ಲ. ಸವತಿಗೆ ಚುಚ್ಚಬೇಕೋ, ತಾಯಿಯನ್ನು ಹೊಗಳಬೇಕೋ, ಅದನ್ನು ಬಟ್ಟೆಯೇ ಹೇಳಬೇಕು.

ಇವತ್ತಿನ ಬಟ್ಟೆ ಹೇಳುವುದು ಗಣಿತ.

ಹುಡುಗಿಯರ ಶಾಲೆಯಲ್ಲಿ ಈ ವರ್ಷ ಮೊದಲ ಬಾರಿಗೆ ಒಂದು ತಂಡ ಮೇಲ್ಮಟ್ಟದ ಗಣಿತ ಓದಿ ಮುಗಿಸಿದೆ. ಇವತ್ತು ಮಧ್ಯಾಹ್ನದ ನಮಾಜಿನ ನಂತರ ಅವರಿಗೆ ಬೀಳ್ಕೊಡುಗೆ. "ಮದುವೆಗೊಂದು ಕಾಂಗಾ, ಬಾಣಂತನಕ್ಕೊಂದು ಕಾಂಗಾ. ಇದಕ್ಕೂ ಒಂದು ಬೇಡ್ವಾ, ಮಾವ?" ಎಂದು ಗಣಿತದ ಟೀಚರ್ ಜೋಖಾ ತಾವೇ ಬಂದು ಚೀಟಿ ಕೊಟ್ಟಿದ್ದರು. ಅದರಲ್ಲಿ ಇ ಎಂಬ ಅಕ್ಷರ, ಅದರ ಹೆಗಲ ಮೇಲೆ ಪುಟ್ಟದಾಗಿ ಐ ಮತ್ತು ಪೈ, ಆಮೇಲೆ ಕೂಡಿಸು ಒಂದು, ಸಮ ಸೊನ್ನೆ.

ಮಕಾಮೆ ಹತ್ತಿ ಗಿರಣಿಯಲ್ಲಿ ಕೆಲಸ ಕಲಿತವರು. ಗಿರಣಿ ಮುಚ್ಚಿದ ಮೇಲೆ ಅಂಗಳದಲ್ಲೇ ಮೇಜು ಹಾಕಿದರು. ಮೋಡ ಕವಿದರೆ ಬಟ್ಟೆ ಒಣಗದು, ಸಂಪಾದನೆ ಇಲ್ಲ. ಬಣ್ಣ ಎಳೆದೆಳೆದು ಬಲಭುಜ ಮೇಲೇಳುವುದಿಲ್ಲ. ಊರಿನ ಅರ್ಧ ಮದುವೆಗಳು ಇವರ ಬಣ್ಣದಲ್ಲಿ ನಡೆದಿವೆ. ಇವರ ಹೆಸರು ಯಾವ ಬಟ್ಟೆಯ ಮೇಲೂ ಇಲ್ಲ.

ನಿನ್ನೆ ಎಡವಿದ್ದು ರೂಢಿಯಿಂದ. ಕಾಂಗಾ ಬರಹವೆಂದರೆ ಎಲ್ಲವೂ ದಪ್ಪ ಅಕ್ಷರ, ಒಂದೇ ಸಾಲು. ಹೆಗಲೇರಿದ್ದ ಐ, ಪೈಗಳನ್ನೂ ಇವರು ಕೆಳಗಿಳಿಸಿ ಸಾಲಿಗೆ ನಿಲ್ಲಿಸಿಬಿಟ್ಟರು. ಒಣಹಾಕಿದ್ದನ್ನು ನೋಡಿ ಜೋಖಾ ನಕ್ಕರು.

"ಇರ್ಲಿ ಬಿಡಿ ಮಾವ, ಚೆನ್ನಾಗೇ ಕಾಣ್ತಿದೆ."

"ಏನು ತಪ್ಪಾಯ್ತು, ಅದು ಹೇಳಿ ಟೀಚರೇ."

ಜೋಖಾ ಅವರನ್ನು ಅಂಗಳದ ಬೇವಿನ ಮರದ ಬುಡಕ್ಕೆ ಕರೆದೊಯ್ದರು. "ಮರ ಅಂದ್ರೆ ಸೊನ್ನೆ. ಮರದಿಂದ ಪೂರ್ವಕ್ಕೆ ಒಂದು ಹೆಜ್ಜೆ ಇಟ್ಟು ನಿಲ್ಲಿ. ಈಗ ಮರಕ್ಕೆ ಅರ್ಧ ಸುತ್ತು ಬನ್ನಿ. ಎಲ್ಲಿದ್ದೀರಿ?"

"ಪಶ್ಚಿಮಕ್ಕೆ."

"ಈಗ ಕೂಡಿಸು ಒಂದು. ಪೂರ್ವದ ಕಡೆಗೆ ಒಂದು ಹೆಜ್ಜೆ."

ಮಕಾಮೆಯ ಮೂಗು ಮರಕ್ಕೆ ತಾಗಿತು.

"ಅದೇ ಸೊನ್ನೆ. ಹೆಗಲ ಮೇಲೆ ಕೂತ ಐ, ಪೈ ಸೇರಿ ನಿಮ್ಮನ್ನ ಸುತ್ತಿಸಿದ್ದು. ಕೆಳಗಿಳಿಸಿದ್ರೆ ಸುತ್ತೇ ಇಲ್ಲ, ಮರ ಸಿಗಲ್ಲ."

"ಮದುವೆಯಾದಾಗಿಂದ ಸುತ್ತುತ್ತಾನೇ ಇದ್ದಾನೆ, ಸೊನ್ನೆಗೇ ಬಂದ!" ಎಂದರು ಒಲೆಯ ಬಳಿಯಿಂದ ಹೆಂಡತಿ ಟಿಮೆ.

ಎಲ್ಲೆಲ್ಲಿಂದಲೋ ಬಂದ ಸಂಖ್ಯೆಗಳು ಒಂದು ಸಾಲಿನಲ್ಲಿ ಹೀಗೆ ಕೂಡಿ ಬಂದಿರುವುದು ಮಕಾಮೆಗೆ ಹಿಡಿಸಿದೆ. "ಒಂದನ್ನೂ ತೆಗೆಯೋ ಹಾಗಿಲ್ಲ, ಸೇರಿಸೋ ಹಾಗಿಲ್ಲ. ಒಳ್ಳೆ ಅಂಚಿನ ಹಾಗೆ," ಎನ್ನುತ್ತಾರೆ. ನಿನ್ನೆಯ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲವಲ್ಲ, ಎಲ್ಲವನ್ನೂ ಹೊಸದಾಗಿ ಯಾಕೆ ಅಚ್ಚು ಹಾಕುತ್ತಿದ್ದೀರಿ ಎಂದು ಕೇಳುತ್ತೇನೆ. "ಉಡೋ ಹುಡುಗೀರಿಗೆ ತಿಳಿಯುತ್ತಲ್ಲ. ಕಷ್ಟಪಟ್ಟು ಕಲಿತಿದ್ದನ್ನ ಮೈಮೇಲೆ ತಪ್ಪಾಗಿ ಹೊತ್ಕೊಂಡು ಹೋಗ್ಬೇಕಾ?"

ಬಿಸಿಲೇರುತ್ತದೆ. ಹೊಸ ಬಟ್ಟೆಗಳು ಹಗ್ಗದ ಮೇಲೆ ಒಣಗುತ್ತವೆ. ನಮಾಜಿಗೆ ಮೊದಲೇ ಹುಡುಗಿಯರು ಬರುತ್ತಾರೆ. ಮ್ವಾನಾಇದಿ ಎಂಬಾಕೆ ಬರಹದ ಮೇಲೆ ಬೆರಳಿಟ್ಟು, ಹೆಗಲೇರಿದ ಎರಡು ಪುಟ್ಟ ಅಕ್ಷರಗಳ ಹತ್ತಿರ ನಿಲ್ಲುತ್ತಾಳೆ. ಮಕಾಮೆ ಆ ಬೆರಳನ್ನೇ ನೋಡುತ್ತಿದ್ದಾರೆ.

"ಸರಿಯಾಗಿದೆ, ಮಾವ."

"ಮುಖ ನೋಡ್ರೇ ಇವನ್ದು! ತಾನೇ ಪರೀಕ್ಷೆ ಪಾಸಾದ ಹಾಗೆ," ಎಂದು ಟಿಮೆ ನಗುತ್ತಾರೆ.

"ಪಾಸಾಗಿದ್ದೀನಿ ಕಣೇ," ಎನ್ನುತ್ತಾರೆ ಮಕಾಮೆ.