ಮೂಗಿನ ನೇರಕ್ಕೆ

ನನ್ನ ಗಂಡನನ್ನು ಊರೆಲ್ಲ ಮೂಗಣ್ಣ ಎಂದೇ ಕರೆಯುತ್ತದೆ. ಹೊಸಬರು ಈ ಹೆಸರು ಕೇಳಿ, ಪಾಪ, ಮಾತು ಬಾರದವರಿರಬೇಕು ಎಂದುಕೊಂಡು ಕೈಸನ್ನೆ ಮಾಡುತ್ತಾ ಬರುವುದುಂಟು. ಇವರ ಕಾರು ರಿಪೇರಿ ಶೆಡ್ಡಿನಲ್ಲಿ ಐದು ನಿಮಿಷ ನಿಂತರೆ ಆ ಕನಿಕರವೆಲ್ಲ ಇಳಿದುಹೋಗುತ್ತದೆ. ಇವರ ಬಾಯಿ ಬಿಗಿಯುವ ಸ್ಪ್ಯಾನರ್ ಇನ್ನೂ ಹುಟ್ಟಿಲ್ಲ. ಹೆಸರು ಬಂದದ್ದು ಮೂಗಿನಿಂದ. ಬಾನೆಟ್ ಎತ್ತಿ ಒಮ್ಮೆ ಉಸಿರೆಳೆದರೆ ಸಾಕು, ಪೆಟ್ರೋಲೋ, ಬ್ರೇಕ್ ಆಯಿಲೋ, ಕೂಲೆಂಟೋ, ಯಾವುದು ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಕೂಲೆಂಟೆಂದರೆ ಎಂಜಿನ್ ಕಾಯದಂತೆ ರೇಡಿಯೇಟರಿನಲ್ಲಿ ಸುತ್ತುವ ಬಣ್ಣದ ನೀರು. ಅದಕ್ಕೆ ಸಕ್ಕರೆ ಪಾಕದಂಥ ಸಿಹಿ ವಾಸನೆ. ಅದರ ಸೋರಿಕೆ ಹಿಡಿಯಲು ಬೇರೆ ಮೆಕ್ಯಾನಿಕ್‌ಗಳು ಬಳಸುವ ಕೈಪಂಪು ನಮ್ಮಲ್ಲೂ ಒಂದಿದೆ. ಗೋಡೆಯ ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. "ಅದು ಮೂಗಿಲ್ಲದವರಿಗೆ" ಎನ್ನುತ್ತಿದ್ದರು.

ನಾನು ಅದೇ ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಸೀಟುಗಳಿಗೆ ಕವರು ಹೊಲಿಯುತ್ತೇನೆ. ಇಪ್ಪತ್ತಾರು ವರ್ಷದಿಂದ ಇವರ ಮಾತು, ನನ್ನ ಮೆಷಿನ್ ಒಂದೇ ತಗಡಿನ ಕೆಳಗೆ ಓಡುತ್ತಿವೆ.

ಹೋದ ವರ್ಷ ಇವರಿಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದರು. ಆಮೇಲೊಂದು ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ನಾನು ಬಟ್ಟೆ ಒಣಹಾಕಲು ಹೋದೆ. ತಿರುಗಿ ಬರುವಷ್ಟರಲ್ಲಿ ಹಾಲು ತಳ ಹಿಡಿದು ಕಪ್ಪಾಗಿ ಮನೆಯೆಲ್ಲ ನಾರುತ್ತಿತ್ತು. ಇವರು ಒಲೆಯಿಂದ ಮೂರಡಿ ದೂರದಲ್ಲಿ ಕೂತು ಆರಾಮಾಗಿ ಪೇಪರ್ ಓದುತ್ತಿದ್ದರು.

"ರೀ, ನಿಮಗೆ ವಾಸನೆ ಬರ್ಲಿಲ್ವಾ?"

ಇವರು ಪೇಪರನ್ನು ನಾಲ್ಕು ಮಡಿಕೆ ಮಾಡಿದರು. "ಜ್ವರ ಬಂದಾಗಿನಿಂದ ಏನೂ ಬರ್ತಿಲ್ಲ ಕಣೇ. ಯಾರ ಹತ್ರಾನೂ ಬಾಯಿಬಿಡಬೇಡ. ಮೂಗಿಲ್ಲದ ಮೂಗಣ್ಣನ ಹತ್ರ ಯಾರು ಬರ್ತಾರೆ?"

ನಾನು ಬಾಯಿಬಿಡಲಿಲ್ಲ. ಬಾನೆಟ್ ಎತ್ತಿ ಸುಮ್ಮನೆ ಉಸಿರೆಳೆಯುವ ಇವರ ನಾಟಕವನ್ನು ದಿನವೂ ನೋಡಿದೆ. ಮೂಗು ಹೋದದ್ದು ಇವರದು, ಮೂಗಿಯಾದದ್ದು ನಾನು. ಹೇಗೋ ಕಣ್ಣಿಂದ, ಕಿವಿಯಿಂದ, ಹಳೇ ಅನುಭವದಿಂದ ಕೆಲಸ ಸಾಗುತ್ತಿತ್ತು. ದಾದಿಯಮ್ಮನ ಕಾರು ಬರುವವರೆಗೂ ಸಾಗಿತು.

ದಾದಿಯಮ್ಮ ಆಸ್ಪತ್ರೆಯಿಂದ ನಿವೃತ್ತರಾದವರು. ನನ್ನ ಮಗಳನ್ನು ಮೊದಲು ಎತ್ತಿಕೊಂಡ ಕೈ ಅವರದೇ. ನಿವೃತ್ತಿಯಾದರೂ ಸುಮ್ಮನೆ ಕೂರುವ ಜೀವ ಅಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ತಮ್ಮ ಹಳೇ ಕಾರಿನಲ್ಲಿ ಹೋಗಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಬರುತ್ತಿದ್ದರು. ಒಂದು ದಿನ ಕಾರು ತಂದು ನಿಲ್ಲಿಸಿದರು.

"ಮೂಗಣ್ಣ, ಕೂಲೆಂಟ್ ನಿಲ್ತಾನೇ ಇಲ್ಲ ಕಣಪ್ಪ. ತುಂಬಿಸ್ತೀನಿ, ವಾರದಲ್ಲಿ ಇಳಿದುಹೋಗುತ್ತೆ. ಕೆಳಗೆ ಒಂದು ಹನೀನೂ ಬಿದ್ದಿರಲ್ಲ."

ಇವರು ರೇಡಿಯೇಟರ್ ನೋಡಿದರು, ಪೈಪುಗಳನ್ನು ಒತ್ತಿದರು, ವಾಟರ್ ಪಂಪಿನ ಕೆಳಗೆ ಬೆರಳಾಡಿಸಿದರು. ಎಲ್ಲ ಒಣ. ಕೊನೆಗೆ ಕಾರಿನೊಳಗೆ ತಲೆ ಹಾಕಿ ಉಸಿರೆಳೆದು, ಇಲ್ಲ ಎಂದು ತಲೆಯಾಡಿಸಿದರು. ನಾನು ಸೂಜಿಗೆ ದಾರ ಪೋಣಿಸುತ್ತಾ ನೋಡುತ್ತಿದ್ದೆ. ಆ ಉಸಿರಿಗೆ ಬೆಲೆಯಿಲ್ಲವೆಂದು ಲೋಕದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ.

ಅವರು ಎರಡನೇ ಸಲ ಬಂದಾಗಲೂ ಅದೇ ಕಥೆ. ಮೂರನೇ ಸಲ ಇವರು ನಗುತ್ತಾ ಆ ಮಾತು ಆಡಿದರು. "ಎಲ್ಲೂ ಸೋರ್ತಿಲ್ಲ ದಾದಿಯಮ್ಮ. ನೀವು ಹಾಕಿದ್ದೀನಿ ಅಂದ್ಕೊಳ್ತೀರಿ, ಹಾಕಿರಲ್ಲ. ವಯಸ್ಸಾಯ್ತಲ್ಲ, ಮರೆವು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ದಾದಿಯಮ್ಮ ನಗಲಿಲ್ಲ. "ಇರಬಹುದಪ್ಪ. ಇತ್ತೀಚೆಗೆ ನನಗೂ ಹಾಗೇ ಅನ್ನಿಸುತ್ತೆ" ಎಂದು ನಿಧಾನವಾಗಿ ಕಾರು ಹತ್ತಿದರು. ನಾನು ಆಗ ಎದ್ದು ಹೋಗಿ ಹೇಳಬಹುದಿತ್ತು. ಕವರಿನ ಅಂಚು ಮಡಿಸುತ್ತಾ ಕೂತೆ.

ಎರಡು ತಿಂಗಳು ಅವರ ಸುಳಿವಿಲ್ಲ. ಆಮೇಲೆ ಅವರ ಮಗ ಕಾರು ತಂದ. "ಮಾರಿಬಿಡ್ತಾ ಇದ್ದೀವಿ ಅಕ್ಕ. ಸೀಟು, ನೆಲದ ಹಾಸು ಹೊಸದು ಮಾಡಿಕೊಡಿ, ನೋಡೋಕೆ ಚೆನ್ನಾಗಿರಲಿ. ಅಮ್ಮನಿಗೆ ಮರೆವು ಶುರುವಾಗಿದೆ. ಅಮ್ಮಾನೇ ಬೀಗದ ಕೈ ಕೊಟ್ಟುಬಿಟ್ರು. ತಪ್ಪಿ ಯಾರಿಗಾದ್ರೂ ಎರಡು ಸಲ ಇಂಜೆಕ್ಷನ್ ಕೊಟ್ಟುಬಿಟ್ರೆ ಅಂತ ಹೆದರಿಕೆ ಅವರಿಗೆ. ಮನೆಯಿಂದ ಆಚೇನೇ ಹೋಗ್ತಿಲ್ಲ."

ಇವರು ಆ ಹೊತ್ತಿಗೆ ಒಂದು ಲಾರಿಯ ಕೆಳಗೆ ಮಲಗಿದ್ದರು. ಹೊರಗೆ ಬರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಹೆಗಲನ್ನೇ ಬಚ್ಚಿಟ್ಟುಕೊಂಡರು.

ಮಗ ಹೋದ ಮೇಲೆ ನಾನು ಚಾಲಕನ ಪಕ್ಕದ ಸೀಟು ಕಳಚಿ, ಹಳೇ ಹಾಸನ್ನು ಅಂಚಿನಿಂದ ಎಬ್ಬಿಸಿದೆ. ಡ್ಯಾಶ್‌ಬೋರ್ಡಿನ ಕೆಳಗಿನ ಭಾಗ ಭಾರವಾಗಿತ್ತು. ಹಿಂಡಿದರೆ ಹಸಿರು ನೀರು ಬೆರಳಿಗೆ ಅಂಟಿತು. ಮೂಗಿಗೆ ಹಿಡಿದೆ. ಸಕ್ಕರೆ ಪಾಕ.

ಬಾನೆಟ್ ಎತ್ತಿದೆ. ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿಯ ಮೈಮೇಲೆ ಪೆನ್ನಿನಲ್ಲಿ ಎಳೆದ ಪುಟ್ಟ ಪುಟ್ಟ ಗೆರೆಗಳು, ಪ್ರತಿ ಗೆರೆಯ ಪಕ್ಕ ದಿನಾಂಕ, ಒಂದರ ಕೆಳಗೊಂದು, ಒಂಬತ್ತು. ರೋಗಿಯ ಜ್ವರ ಬರೆದಿಡುವ ಕೈಯ ದುಂಡು ಅಕ್ಷರದಲ್ಲಿ ಕೂಲೆಂಟ್ ಇಳಿದ ಲೆಕ್ಕ. ಮೂರು ಸಲ ಬಾನೆಟ್ ಎತ್ತಿಯೂ ಇವರು ಅದನ್ನು ಓದಿರಲಿಲ್ಲ. ಎಲ್ಲವನ್ನೂ ತಮ್ಮ ಮೂಗಿನ ನೇರಕ್ಕೇ ನೋಡುವ ಮನುಷ್ಯ.

"ಬನ್ರೀ ಇಲ್ಲಿ" ಎಂದೆ. ನನ್ನ ದನಿಗೆ ಲಾರಿಯ ಕೆಳಗಿಂದ ತಕ್ಷಣ ಹೊರಬಂದರು. ಒದ್ದೆ ಹಾಸನ್ನು ಕೈಗೆ ಕೊಟ್ಟೆ. ಮೂಗಿನ ಹತ್ತಿರ ಒಯ್ದು, ನಡುವೆಯೇ ಕೈ ಇಳಿಸಿದರು.

ಆಮೇಲೆ ಹೋಗಿ ಗೋಡೆಯ ಪಂಪು ಇಳಿಸಿ ಧೂಳು ಒರೆಸಿದರು. ರೇಡಿಯೇಟರಿನ ಮುಚ್ಚಳ ತೆಗೆದು ಅಲ್ಲಿಗೆ ಅದನ್ನು ಕೂರಿಸಿ ಗಾಳಿ ಒತ್ತಿದರು. ಪಂಪಿನ ಮೀಟರಿನ ಮುಳ್ಳು ಹದಿನೈದಕ್ಕೆ ಏರಿ, ನಾವಿಬ್ಬರೂ ನೋಡುತ್ತಿದ್ದಂತೆ ಹನ್ನೆರಡಕ್ಕೆ, ಒಂಬತ್ತಕ್ಕೆ ಇಳಿಯಿತು. ಸೋರಿಕೆ ಇದೆ ಎಂದು ಹೇಳಲು ಅದಕ್ಕೆ ನಾಲ್ಕು ನಿಮಿಷ ಸಾಕಾಯಿತು.

ಕಾರಿನ ಒಳಗನ್ನು ಬೆಚ್ಚಗಿಡಲು ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿನ ಪುಟ್ಟ ರೇಡಿಯೇಟರ್ ಒಂದಿರುತ್ತದೆ. ಅದರೊಳಗೂ ಇದೇ ಕೂಲೆಂಟ್ ಹರಿಯುತ್ತದೆ. ಅದು ಸೋರಿದರೆ ನೀರು ಹಾಸಿನೊಳಗೆ ಇಂಗುತ್ತದೆಯೇ ಹೊರತು ಹೊರಗೆ ಬೀಳುವುದಿಲ್ಲ. ಮೊದಲಾಗಿದ್ದರೆ ಇವರು ಬಾಗಿಲು ತೆರೆಯುತ್ತಲೇ ಹಿಡಿಯುತ್ತಿದ್ದರು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಲು ಎರಡು ದಿನ ಹಿಡಿಯಿತು. ಆ ಪುಟ್ಟ ರೇಡಿಯೇಟರನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಗಾಳಿ ಕೊಟ್ಟಾಗ ಮೂಲೆಯ ಬೆಸುಗೆಯಿಂದ ದಾರದಂತೆ ಗುಳ್ಳೆ ಎದ್ದಿತು. ಅಷ್ಟು ಹಳೇ ಕಾರಿಗೆ ಹೊಸದು ಎಲ್ಲಿ ಸಿಗಬೇಕು? ಹಿತ್ತಾಳೆಯನ್ನು ಉಜ್ಜಿ ಹೊಳಪು ಬರಿಸಿ ಬೆಸುಗೆ ಹಾಕಿದರು, ಮತ್ತೆ ಮುಳುಗಿಸಿದರು. ಗುಳ್ಳೆ ಬರಲಿಲ್ಲ. ಎಲ್ಲ ಜೋಡಿಸಿ, ಕೂಲೆಂಟ್ ತುಂಬಿಸಿ, ಒಳಗಿನ ಗಾಳಿ ಬಿಟ್ಟು ಮತ್ತೆ ಪಂಪು ಹಾಕಿದಾಗ ಮುಳ್ಳು ಅರ್ಧ ಗಂಟೆ ಅಲ್ಲಾಡಲಿಲ್ಲ.

"ಮಗನಿಗೆ ಫೋನ್ ಮಾಡಿ, ರಿಪೇರಿ ಆಯ್ತು, ಮಾರಬೇಡಿ ಅಂತ ಹೇಳಿಬಿಡಲಾ?" ಎಂದರು.

"ಕಾರು ರಿಪೇರಿ ಆಯ್ತು ಅಂತ ಹೇಳ್ತೀರಿ. ದಾದಿಯಮ್ಮನ ತಲೆ ಕೆಟ್ಟಿಲ್ಲ ಅಂತ ಯಾರು ಹೇಳ್ತಾರೆ?"

ಕೈ ತೊಳೆದು ಅಂಗಿ ಬದಲಾಯಿಸಿದರು. ಅವರದೇ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಇವರು ಕಿಟಕಿ ಇಳಿಸಿಕೊಂಡೇ ಇದ್ದರು.

ಬಾಗಿಲು ತೆರೆದವರು ದಾದಿಯಮ್ಮನೇ. ಎರಡೇ ತಿಂಗಳಲ್ಲಿ ಅರ್ಧವಾಗಿದ್ದರು. ಅವರ ಹಿಂದೆ ಅಡುಗೆಮನೆ ಕಾಣುತ್ತಿತ್ತು. ಒಲೆಯ ಮೇಲಿನ ಗೋಡೆಗೆ ಚೀಟಿ: ಗ್ಯಾಸ್ ಆರಿಸಿದೆಯಾ? ನಲ್ಲಿಯ ಮೇಲೆ ಚೀಟಿ. ಮಾತ್ರೆಯ ಡಬ್ಬಿಯ ಮೇಲೆ, ಕಪಾಟಿನ ಬಾಗಿಲ ಮೇಲೆ, ಅದೇ ದುಂಡು ಅಕ್ಷರದ ಚೀಟಿಗಳು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು.

ಇವರು ಕೂರಲಿಲ್ಲ. ನಿಂತೇ ಹೇಳಿದರು. "ದಾದಿಯಮ್ಮ, ನಿಮಗೆ ಮರೆವಿಲ್ಲ. ಕಾರು ಸೋರ್ತಿತ್ತು. ಹೀಟರ್‌ನಲ್ಲಿ. ನನಗೆ ವಾಸನೆ ಬರಲ್ಲ, ಒಂದು ವರ್ಷ ಆಯ್ತು. ಅದನ್ನ ಒಪ್ಪಿಕೊಳ್ಳೋಕೆ ನಾಚಿಕೆಯಾಗಿ ನಿಮ್ಮ ಮೇಲೆ ಹಾಕಿದೆ."

ದಾದಿಯಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಸಿಹಿ ವಾಸನೇನಾ?"

"ಹೌದು."

"ನನಗೆ ಬರ್ತಿತ್ತು" ಎಂದರು. "ಕಾರು ಹತ್ತಿದಾಗೆಲ್ಲ ಬರ್ತಿತ್ತು. ಮೂಗಣ್ಣ ಒಳಗೆ ತಲೆ ಹಾಕಿ ನೋಡಿ ಏನೂ ಇಲ್ಲ ಅಂದ್ನಲ್ಲ, ಇಲ್ಲದ ವಾಸನೆ ಬರೋಕೆ ಶುರುವಾಯ್ತು ಅಂದ್ರೆ ತಲೆ ಕೆಟ್ಟಿದೆ ಅಂತಾನೇ ಅಂದ್ಕೊಂಡೆ. ಆಸ್ಪತ್ರೇಲಿ ಅಂಥವರನ್ನ ನೋಡಿದ್ದೀನಲ್ಲ."

ಇವರು ಮುಖ ತಗ್ಗಿಸಿ ಅತ್ತರು. ದಾದಿಯಮ್ಮ ಇವರತ್ತ ನೋಡಲಿಲ್ಲ, ನನ್ನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತೇನಮ್ಮ, ಇವನಿಗೆ ವಾಸನೆ ಬರಲ್ಲ ಅಂತ?"

"ಗೊತ್ತಿತ್ತು" ಎಂದೆ. ಸುಳ್ಳು ಹೇಳಬಹುದಿತ್ತು. ಆಗಲಿಲ್ಲ.

"ಅವತ್ತು ಅಲ್ಲೇ ಕೂತಿದ್ದೆ ನೀನು. ನೀಲಿ ಕವರು ಹೊಲೀತಿದ್ದೆ."

ಹೌದು, ನೀಲಿಯೇ. ನಾನೇ ಮರೆತಿದ್ದೆ.

ದಾದಿಯಮ್ಮ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಚೀಟಿ ಕಿತ್ತರು. ನಲ್ಲಿಯದನ್ನು ಕಿತ್ತರು. ನಾನು ಏನಾದರೂ ಮಾಡಬೇಕಲ್ಲ ಎಂದು ಹಿಂದೆಯೇ ಹೋಗಿ ಕಪಾಟಿನ ಚೀಟಿಗೆ ಕೈ ಹಾಕಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಬಿಡಮ್ಮ. ಎಲ್ಲೆಲ್ಲಿ ಅಂಟಿಸಿದ್ದೀನಿ ಅಂತ ನನಗೆ ನೆನಪಿದೆ."